ಮಂಗಳವಾರದ ವಾರ್ತೆ

ಬುಧವಾರ ಸಂಜೆ ಶಶಿಕಲಾ ಮಂಗಳವಾರದ ವಾರ್ತೆಯನ್ನೇ ಇನ್ನೊಮ್ಮೆ ಓದಿಬಿಟ್ಟಳು. ಅದು ಗೊತ್ತಾದದ್ದು ನಮಸ್ಕಾರ ಹೇಳಿ ಮುಗಿಸಿದ ಮೇಲೆ, ಆ ದಿನಕ್ಕೆಂದು ಬರೆದ ಹಾಳೆ ತೊಡೆಯ ಮೇಲೆ ಮಡಿಕೆ ಬಿಚ್ಚದೆ ಕೂತಿರುವುದನ್ನು ಕಂಡಾಗ.

ಹೆಬ್ಬಗೋಡಿಯ ಆ ಕೇಬಲ್ ಚಾನೆಲ್‌ನಲ್ಲಿ ಅವಳು ಇಷ್ಟು ವರ್ಷ ಕಾಗದ ನೋಡಿಯೇ ಓದಿದವಳು. ಕಳೆದ ತಿಂಗಳು ಮಾಲೀಕ ಮುನಿಯಣ್ಣ ತನ್ನ ಹಳೆಯ ಮೊಬೈಲನ್ನು ಕ್ಯಾಮೆರಾದ ಕೆಳಗೆ ಕಟ್ಟಿ, ಅಕ್ಷರಗಳು ತಾವಾಗಿ ಮೇಲಕ್ಕೆ ಸರಿಯುವಂತೆ ಮಾಡಿದ್ದ.

"ತಲೆ ಬಗ್ಗಿಸ್ಬೇಡಿ ಮೇಡಂ. ಮೊಬೈಲಲ್ಲಿ ಆ ಹುಡ್ಗೀರು ಎಂಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾವೆ ನೋಡಿ" ಎಂದಿದ್ದ.

ಅದೇ ಉಮೇದಿನಲ್ಲಿ ಕಾಲುಗಂಟೆಯ ವಾರ್ತೆ ಐದು ನಿಮಿಷಕ್ಕೆ ಇಳಿದಿತ್ತು. ಪರದೆಯ ಮೂಲೆಗೆ ಸ್ಕ್ಯಾನ್ ಮಾಡುವ ಚೌಕವೊಂದು ಬಂದಿತ್ತು. ಸುದ್ದಿ ಬರುತ್ತಿದ್ದುದೂ ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಂದಲೇ. ಬೆಳಿಗ್ಗೆ ಎಲ್ಲರೂ ಓದಿ ಮರೆತದ್ದಕ್ಕೆ ಸಂಜೆ ಅವಳು 'ಎಂದು ತಿಳಿದುಬಂದಿದೆ' ಎಂದು ಸೇರಿಸುತ್ತಿದ್ದಳು. ಮೊಬೈಲಿಗೆ ಹೊಸ ಪಠ್ಯ ಹಾಕಬೇಕಾದವನು ಮುನಿಯಣ್ಣ, ಅವತ್ತು ಮರೆತಿದ್ದ. ಆದರೆ ಓದಿದ ಬಾಯಿ ತನ್ನದು. ಮೊದಲ ಸಾಲಿಗೇ ಯಾಕೆ ಅನುಮಾನ ಬರಲಿಲ್ಲ?

ಅವಳು ಮೇಜಿನ ಮೇಲಿದ್ದ ಕಚೇರಿಯ ಲ್ಯಾಂಡ್‌ಲೈನ್ ಫೋನನ್ನೇ ನೋಡುತ್ತ ಕೂತಳು. ಹಿಂದೊಮ್ಮೆ ಗಣೇಶ ಸಮಿತಿಯವರ ಹೆಸರುಗಳನ್ನು ಹಿಂದುಮುಂದಾಗಿ ಓದಿದ್ದಕ್ಕೆ ಅರ್ಧ ಊರೇ ಫೋನ್ ಮಾಡಿ ಬೈದಿತ್ತು. ಈಗ ಸತ್ತವರನ್ನು ಎರಡನೇ ಸಲ ಸಾಯಿಸಿದ್ದಳು. ಮುಗಿದುಹೋದ ಕರೆಂಟ್ ಕಡಿತವನ್ನು ಮತ್ತೆ ನಾಳೆಗೆ ತಂದಿದ್ದಳು. ಯಾರಾದರೂ ಬೈದರೆ ಸಾಕು, ನೋಡುವವರು ಇದ್ದಾರೆ ಎಂದಾಯಿತು. ಫೋನ್ ಸುಮ್ಮನಿತ್ತು. ಕೆಟ್ಟಿರಬಹುದೆಂದು ಎತ್ತಿ ಕಿವಿಗಿಟ್ಟಳು. ಕೆಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮಂಗಳವಾರ ತೀರಿಕೊಂಡ ಚಿನ್ನಪ್ಪನವರ ಮನೆಗೆ ಹೋದಳು. ಅಂಗಳದಲ್ಲಿ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಮಗಳು ವೇಣಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು.

"ತಪ್ಪಾಗೋಯ್ತು ವೇಣಿ. ನಿನ್ನೇನೂ ನಿಮ್ಮ ತಂದೆಯವರು ಇಂದು ಬೆಳಿಗ್ಗೆ ನಿಧನರಾದ್ರು ಅಂತ ಓದ್ಬಿಟ್ಟೆ. ಮನಸ್ಸಿಗೆ ಬೇಜಾರು ಮಾಡ್ಕೋಬೇಡ."

ವೇಣಿ ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟಳು. "ಟೀವಿನಲ್ಲಾ? ಅಪ್ಪಂದು ಟೀವಿನಲ್ಲಿ ಬಂತಾ?"

"ಎರಡು ದಿನ ಬಂತು."

"ಅಯ್ಯೋ, ಗೊತ್ತೇ ಆಗ್ಲಿಲ್ಲ ಕಣಕ್ಕ. ನಾವು ಸ್ಟೇಟಸ್ ಹಾಕಿದ್ವಿ, ಅದ್ರಲ್ಲೇ ಎಲ್ರಿಗೂ ಗೊತ್ತಾಯ್ತು. ಆ ಚಾನೆಲ್ ಇನ್ನೂ ಇದ್ಯಾ?" ಎಂದಳು ವೇಣಿ. ಕೂಡಲೇ ನಾಲಿಗೆ ಕಚ್ಚಿಕೊಂಡು, "ಕಾಫಿ ಕುಡ್ದು ಹೋಗಿ" ಎಂದಳು. ಸಾವಿನ ಮನೆಯವರಿಂದ ತಾನೇ ಸಮಾಧಾನ ಹೇಳಿಸಿಕೊಂಡಂತಾಗಿ ಶಶಿಕಲಾ ಬೇಗ ಹೊರಟು ಬಂದಳು.

ದಾರಿಯುದ್ದಕ್ಕೂ ಒಂದೇ ಯೋಚನೆ: ಮುನಿಯಣ್ಣನಿಗೆ ಹೇಳಬೇಕೆ? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದಿಲ್ಲ ಎನ್ನುವುದನ್ನೇ ಅವಳಿಗೆ ತಡೆಯಲಾಗಲಿಲ್ಲ. ಹೇಳಿದಳು.

ಮುನಿಯಣ್ಣ ನಕ್ಕುಬಿಟ್ಟ. "ನಾನೂ ನೋಡ್ಲಿಲ್ಲ ಮೇಡಂ, ಸತ್ಯವಾಗ್ಲೂ. ಬಾಡಿಗೆ ಮನೇದು ನಲ್ಲಿ ರಿಪೇರಿಗೆ ಹೋಗಿದ್ದೆ." ಆಮೇಲೆ ನಗು ನಿಲ್ಲಿಸಿ, "ಒಬ್ರೂ ಕೇಳ್ಲಿಲ್ವಾ?" ಎಂದ.

"ಇಲ್ಲ."

"ಅಂಗಾರೆ ದಿನಾ ಯಾಕೆ ಬರ್ತೀರಾ? ವಾರಕ್ಕೊಂದ್ಸಲ ರೆಕಾರ್ಡ್ ಮಾಡಿ ಇಡಣ. ಮೊಬೈಲಿಗೆ ಅರ್ಧ ನಿಮಿಷದ್ದು ಮಾಡಣ. ಅದಕ್ಕೆ ನನ್ ತಂಗಿ ಮಗಳು ಯಮುನಾ ಇದಾಳೆ, ಪಟಪಟ ಅಂತಾಳೆ."

ಆ ಮಾತಿಗೆ ಸಾಕ್ಷಿಯನ್ನು ತಾನೇ ತಂದುಕೊಟ್ಟಿದ್ದಳು.

"ಇವತ್ತೊಂದಿನ ಲೈವ್ ಓದ್ತೀನಿ. ತಿದ್ದುಪಡಿ ಹೇಳ್ಬೇಕು" ಎಂದಳು.

"ಯಾರಿಗ್ ಹೇಳ್ತೀರಾ ಮೇಡಂ?"

ಅವಳು ಕ್ಯಾಮೆರಾದ ಮುಂದೆ ಹೋಗಿ ಕೂತಳು. ಅವನು ಕ್ಯಾಮೆರಾ ಹಚ್ಚಿಕೊಟ್ಟು, ಬಾಗಿಲೆಳೆದುಕೊಂಡು ಆಚೆಯ ಕೋಣೆಗೆ ಹೋದ.

ಅವಳು ಹಾಳೆ ಬಿಡಿಸಿ, ತಲೆ ಬಗ್ಗಿಸಿ ಓದಿದಳು. ಚಿನ್ನಪ್ಪನವರು ನಿಧನರಾದದ್ದು ಮಂಗಳವಾರ. ಇವತ್ತು ಕರೆಂಟ್ ಕಡಿತ ಇರಲಿಲ್ಲ. ತಪ್ಪಿಗಾಗಿ ವಿಷಾದಿಸುತ್ತೇವೆ. ಹಾಳೆ ಅಲ್ಲಿಗೆ ಮುಗಿದಿತ್ತು. ಅವಳು ತಲೆಯೆತ್ತಿ, ಹಾಳೆಯಲ್ಲಿ ಇಲ್ಲದ್ದನ್ನು ಹೇಳಿದಳು: "ಯಾರಾದರೂ ನೋಡುತ್ತಿದ್ದರೆ, ದಯವಿಟ್ಟು ಕಚೇರಿಗೆ ಒಂದು ಫೋನ್ ಮಾಡಿ."

ಹೇಳಿದ ಕೂಡಲೇ ನಾಚಿಕೆಯಾಯಿತು. ವಾರ್ತೆಯಲ್ಲಿ ಹಾಗೆಲ್ಲ ಸ್ವಂತದ್ದು ಕೇಳಬಹುದೇ? ಆದರೂ ಅವಳು ನಮಸ್ಕಾರ ಹೇಳಲಿಲ್ಲ. ಕ್ಯಾಮೆರಾದ ಮುಂದೆ ಹಾಗೇ ಕೂತಳು. ಹೊಸೂರು ರಸ್ತೆಯ ಬಸ್ಸುಗಳ ಹಾರ್ನ್ ಕೇಳುತ್ತಿತ್ತು.

ಫೋನ್ ಬಡಿದುಕೊಂಡಿತು.

"ಹಲೋ, ನಾನ್ ನೋಡ್ತಾ ಇದೀನಿ ಮೇಡಂ" ಎಂದಿತು ಧ್ವನಿ. ಅದೇ ಮಾತು ಪ್ಲೈವುಡ್ ಬಾಗಿಲ ಆಚೆಯಿಂದಲೂ ಕೇಳಿಸಿತು, ಕಿವಿಯೊಳಗಿನದಕ್ಕಿಂತ ಸ್ವಲ್ಪ ಮೊದಲು.

ಅವಳು ಬಾಗಿಲ ಕಡೆ ತಿರುಗಲಿಲ್ಲ. ಕರೆ ಮಾಡಿದವರನ್ನು ಯಾವಾಗಲೂ ಕೇಳುವಂತೆ ಕೇಳಿದಳು: "ತಾವು ಎಲ್ಲಿಂದ ಮಾತಾಡ್ತಿದ್ದೀರಿ?"

ಆಚೆ ಕುರ್ಚಿ ಕಿರುಗುಟ್ಟಿತು.

"ಇಲ್ಲೇ, ಹೆಬ್ಬಗೋಡಿಯಿಂದ ಮೇಡಂ."

"ಕರೆ ಮಾಡಿದ್ದಕ್ಕೆ ಧನ್ಯವಾದ" ಎಂದು ಹೇಳಿ ಅವಳು ಕ್ಯಾಮೆರಾಕ್ಕೆ ಕೈಮುಗಿದಳು.