ಲ್ಯಾಪ್‌ಟಾಪಿನ ಅರ್ಧ ಪಾಲು

ಶನಿವಾರ ಸಂಜೆ ರಬಾಳೆಯ ಆಫೀಸಿನಿಂದ ಬಂದ ಜ್ಯೋತ್ಸ್ನಾ ಕೈಕಾಲು ತೊಳೆದು ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ದಿನಾ ಮೊದಲು ಬರುತ್ತಿದ್ದ ಕಪ್ಪು ಪರದೆ ಬರಲಿಲ್ಲ. ಅದರಲ್ಲಿ ಎರಡು ಹೆಸರುಗಳಿರುತ್ತಿದ್ದವು, ಮೇಲೆ ಉಬುಂಟು, ಕೆಳಗೆ ವಿಂಡೋಸ್; ಯಾವುದು ಬೇಕೋ ಆರಿಸಿಕೊಳ್ಳಲು ಹತ್ತು ಸೆಕೆಂಡು. ಇವತ್ತು ಅದು ಏನನ್ನೂ ಕೇಳದೆ ಸೀದಾ ವಿಂಡೋಸಿಗೆ ಹೋಗಿ ನಿಂತಿತು. ಬಂದ್ ಮಾಡಿ ಮತ್ತೆ ಹೊತ್ತಿಸಿದರೂ ಅದೇ.

“ಪಪ್ಪಾ ಸುಬಹ್ ವಾಶಿ ಲೇಕೆ ಗಯೇ ಥೇ,” ಎಂದಳು ಮಗಳು ಶ್ರದ್ಧಾ, ಮೊಬೈಲಿನಿಂದ ಕಣ್ಣೆತ್ತದೆ. “ಕಾಲಾ ಸ್ಕ್ರೀನ್ ನಿಕಲ್ವಾ ದಿಯಾ.”

ಬೆಳಿಗ್ಗೆ ಗಂಡ ಅದನ್ನು ವಾಶಿಗೆ ಒಯ್ದು ಕಪ್ಪು ಪರದೆ ತೆಗೆಸಿದ್ದನೆಂದು ಕೇಳಿ ಜ್ಯೋತ್ಸ್ನಾಳಿಗೆ ಕಿವಿ ಬಿಸಿಯಾಯಿತು. ಬರೀ ಪರದೆ ಹೋಗಿರಲಿಲ್ಲ. ನೋಡಿದರೆ, ಉಬುಂಟು ಇದ್ದ ಡಿಸ್ಕಿನ ಅರ್ಧ ಪಾಲೇ ಹೋಗಿತ್ತು.

ಆ ಲ್ಯಾಪ್‌ಟಾಪ್ ಅವಳದು. ಹಿಂದಿನ ವರ್ಷ, ಎರಡು ಸಾವಿರದ ಹತ್ತರಲ್ಲಿ, ಆಫೀಸಿನವರು ಹಳೆಯವನ್ನು ತೆಗೆದುಹಾಕುವಾಗ ಅವಳ ಹೆಸರಿಗೇ ಕೊಟ್ಟದ್ದು. ಆಫೀಸಿನಲ್ಲಿ ಪಕ್ಕದ ಮೇಜಿನ ಶಂಭು ಉಬುಂಟುವಿನ ಒಂದು ಸಿ.ಡಿ. ತಂದುಕೊಟ್ಟು, ಇದು ಯಾರಪ್ಪನ ಸೊತ್ತೂ ಅಲ್ಲ, ಯಾರೂ ಹಾಕಿಕೊಳ್ಳಬಹುದು, ಯಾರೂ ತಿದ್ದಬಹುದು, ಹಳೆಯದನ್ನು ಮುಟ್ಟದೆ ಅರ್ಧ ಜಾಗದಲ್ಲಿ ಇದನ್ನು ಕೂರಿಸಬಹುದು ಎಂದಿದ್ದ. ಭಾಷೆ ಯಾವುದು ಎಂದು ಅದು ಕೇಳಿದಾಗ ಅವಳು ತಮಾಷೆಗೆ ಕನ್ನಡ ಒತ್ತಿದ್ದಳು. ಹಿಂದೆ ಕುಳಿತು ಅಲಸಂಡೆ ಮುರಿಯುತ್ತಿದ್ದ ಅತ್ತೆ ಅಕ್ಕು, ಊರಿನ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಓದಿದವರು, ಪರದೆಯ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಓದಿದರು. ಅವರು ಊರು ಬಿಟ್ಟು ಠಾಣೆ ಶಹರಕ್ಕೆ ಬಂದು ಮೂವತ್ತು ವರ್ಷವಾಗಿತ್ತು. ಮನೆಯ ಒಂದು ಯಂತ್ರ ಅವರಿಗೆ ಅರ್ಥವಾಗುವಂತೆ ಮಾತಾಡಿದ್ದು ಅದೇ ಮೊದಲು.

ಆದರೆ ಇಸ್ಪೀಟಿನ ಆಟ ಮಾತ್ರ ಇಂಗ್ಲಿಷಿನಲ್ಲೇ ಇತ್ತು. ಇಸ್ಪೀಟಿನಲ್ಲಿ ವರ್ತಕ ನಗರದ ತಮ್ಮ ಬಿಲ್ಡಿಂಗಿನ ಗಂಡಸರನ್ನೆಲ್ಲ ಸೋಲಿಸಿದ ಅಕ್ಕುವಿಗೆ ಅದು ಅವಮಾನದಂತೆ ಕಂಡಿತು. ಇದನ್ನು ಕನ್ನಡಕ್ಕೆ ತರುವವರು ಯಾರು ಎಂದು ಜ್ಯೋತ್ಸ್ನಾ ಕೇಳಿದ್ದಕ್ಕೆ, ನಿಮ್ಮಂಥವರೇ, ಬರೆದು ಆಟ ಮಾಡಿದವರಿಗೆ ಕಳಿಸಿ, ಅವರು ಸೇರಿಸ್ತಾರೆ ಎಂದ ಶಂಭು. ಅಲ್ಲಿಂದ ಐದು ತಿಂಗಳು ಸಂಜೆ ಸಂಜೆ ಅದೇ ಕೆಲಸ. ಅತ್ತೆ ಶಬ್ದ ಹೇಳುವುದು, ಸೊಸೆ ಟೈಪ್ ಮಾಡುವುದು. ಕಳಾವರ್, ಆಟೀನ್, ಗುಲಾಮ, ಎಕ್ಕ. ಎಲೆ ಬೆರೆಸು ಎಂದು ಬರೆದಿದ್ದಕ್ಕೆ ಅಕ್ಕು, ಬೆರೆಸಲಿಕ್ಕೆ ಅದೇನು ಮಜ್ಜಿಗೆಯಾ, ಕಲಸು ಅಂತ ಹಾಕು ಎಂದಿದ್ದರು. ಕೊನೆಯ ನಾನೂರ ಹನ್ನೆರಡು ಸಾಲುಗಳನ್ನು ಅಕ್ಕು ಒಮ್ಮೆ ಪೂರ್ತಿ ಕೇಳಿದ ಮೇಲೆ ಕಳಿಸೋಣವೆಂದು ಹಾಗೆಯೇ ಇಟ್ಟಿದ್ದಳು. ಬೇರೆಲ್ಲೂ ಪ್ರತಿ ಇರಲಿಲ್ಲ. ಆ ತಪ್ಪು ತನ್ನದೇ ಎಂದು ನೆನಪಾಗಿ ಅವಳ ಸಿಟ್ಟು ಇಮ್ಮಡಿಯಾಯಿತು.

ವಾಶಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದ ಗಂಡ ವಸಂತಕುಮಾರ ಮಧ್ಯಾಹ್ನ ಊಟಕ್ಕೆ ಬಂದವನು, ಸಂಜೆಯ ಕೆಲಸಕ್ಕೆ ಮತ್ತೆ ಹೊರಡಲು ಕನ್ನಡಿಯೆದುರು ತಲೆ ಬಾಚುತ್ತಿದ್ದ. ವಾಶಿಯ ರಿಪೇರಿ ಅಂಗಡಿಯವನು ಆ ಕಪ್ಪು ಪರದೆಯನ್ನು ವೈರಸ್ ಎಂದನಂತೆ. ಅರ್ಧ ಡಿಸ್ಕ್ ಸುಮ್ಮನೆ ತಿಂದು ಕೂತಿದೆ, ತೆಗೆದುಬಿಡುವಾ ಎಂದನಂತೆ. ಇವನು ಹೂಂ ಎಂದನಂತೆ.

“ಯಾರನ್ನು ಕೇಳಿ ಹೂಂ ಅಂದ್ರಿ?”

“ಮನೆಯ ಸಾಮಾನಿಗೆ ಯಾರನ್ನು ಕೇಳ್ಬೇಕು? ಫುಕಟ್‌ದು ಅಲ್ವಾ ಅದು. ಪುನಃ ಹಾಕಿದ್ರಾಯ್ತು.”

“ಅದು ಫುಕಟ್. ನನ್ನ ಐದು ತಿಂಗಳು ಫುಕಟ್ ಅಲ್ಲ.”

ಅವನು ನಕ್ಕ. ಒಂದು ಪೈಸೆ ಹುಟ್ಟದ ಕೆಲಸಕ್ಕೆ ಇಷ್ಟು ರಂಪವಾ ಎಂದು ಚಪ್ಪಲಿ ಮೆಟ್ಟಿದ. ಆಗ ಅಕ್ಕು ಬಾಗಿಲ ಬಳಿ ಬಂದು ನಿಂತರು.

“ಅದರಲ್ಲಿ ನಂದೂ ಇತ್ತು, ವಸಂತ.”

ಇಸ್ಪೀಟು ಆಡಲಿಕ್ಕೆ ನಿಮಗೆ ಹೊಸ ಕಟ್ಟು ತಂದುಕೊಡ್ತೇನೆ ಎಂದು ಹೇಳಿ ಅವನು ಮೆಟ್ಟಿಲಿಳಿದ.

ಆ ರಾತ್ರಿ ಜ್ಯೋತ್ಸ್ನಾ ಅವನಿಗೆ ಬಡಿಸಲಿಲ್ಲ. ಬೆಳಿಗ್ಗೆ ಶಂಭುವಿಗೆ ಫೋನ್ ಮಾಡಿದಳು. ಅವನು ಹೇಳಿದಂತೆಲ್ಲ ಮಾಡಿ ನೋಡಿದಳು; ಆ ಜಾಗದ ಮೇಲೆ ರಿಪೇರಿಯವನು ಆಗಲೇ ಏನೇನೋ ತುಂಬಿಬಿಟ್ಟಿದ್ದ. ಇನ್ನು ಸಿಗಲಿಕ್ಕಿಲ್ಲ ಅಕ್ಕಾ ಎಂದ ಶಂಭು.

ಅವಳು ಸಿ.ಡಿ. ಹಾಕುವ ಮೊದಲು ಎರಡು ಪೆನ್‌ಡ್ರೈವ್ ತೆಗೆದುಕೊಂಡಳು. ಗಂಡನ ಹೋಟೆಲಿನ ಮೆನು, ಪಾರ್ಟಿ ಆರ್ಡರುಗಳ ಪಟ್ಟಿ, ನಾದಿನಿಯ ಮದುವೆಯ ಫೋಟೋಗಳು, ಎಲ್ಲವನ್ನೂ ನಕಲು ಮಾಡಿ ಒಂದೊಂದನ್ನೂ ತೆರೆದು ನೋಡಿದಳು. ಆಮೇಲೆ ಸಿ.ಡಿ. ಹಾಕಿದಳು. ವಿಂಡೋಸಿನ ಪಕ್ಕದಲ್ಲಿ ಕೂರಬೇಕೋ, ಇಡೀ ಡಿಸ್ಕ್ ಅಳಿಸಿ ಕೂರಬೇಕೋ ಎಂದು ಅದು ಕೇಳಿತು. ಅವಳು ವಾಶಿಗೆ ಫೋನ್ ಮಾಡಿದಳು. ಭಾನುವಾರದ ಗಿರಾಕಿಗಳ ಗದ್ದಲದಲ್ಲಿ ಅವನಿಗೆ ಎರಡು ಸಲ ಹೇಳಬೇಕಾಯಿತು.

“ಪೂರ್ತಿ ಅಳಿಸ್ತಾ ಇದ್ದೇನೆ. ನಿಮ್ಮದೆಲ್ಲ ತೆಗೆದಿಟ್ಟಿದ್ದೇನೆ.”

ಬೇಡ, ಮನೆಗೆ ಬರ್ತೇನೆ, ಮಾತಾಡುವಾ ಎಂದ ಅವನು.

“ನಾನು ಕೇಳ್ತಾ ಇಲ್ಲ, ಹೇಳ್ತಾ ಇದ್ದೇನೆ. ನೀವು ಅಷ್ಟೂ ಮಾಡ್ಲಿಲ್ಲ.”

ಫೋನ್ ಇಟ್ಟು, ಇಡೀ ಡಿಸ್ಕ್ ಅಳಿಸು ಎಂಬುದನ್ನೇ ಒತ್ತಿದಳು. ಪರದೆಯ ಮೇಲಿನ ಬಣ್ಣದ ಪಟ್ಟಿ ನಿಧಾನವಾಗಿ ತುಂಬುತ್ತಾ ಹೋದಂತೆ ಮನಸ್ಸು ಹಗುರಾಗಬಹುದೆಂದುಕೊಂಡಿದ್ದಳು, ಆಗಲಿಲ್ಲ. ಅಕ್ಕು ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕುಳಿತು, ಮೊದಲನೆಯ ಸಾಲು ಎಂತದು ಎಂದು ಕೇಳಿದರು. ಅವಳಿಗೆ ನೆನಪಾಗಲಿಲ್ಲ. ಮೇಜಿಗೆ ಕೈ ಬಡಿದಳು. ಶ್ರದ್ಧಾ ಒಳಗಿಂದ ಇಣುಕಿ, ಅಮ್ಮನ ಮುಂದೆ ಚಹಾ ತಂದಿಟ್ಟಳು. ಆ ದಿನ ನಾನೂರ ಹನ್ನೆರಡರಲ್ಲಿ ಅರುವತ್ತು ಸಾಲು ಮರಳಿ ಬಂದವು.

ವಸಂತಕುಮಾರ ಒಂಬತ್ತು ದಿನ ಮಾತು ಬಿಟ್ಟ. ಹೆಂಡತಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿದೆ ಎಂದು ನೆಂಟರಿಗೆಲ್ಲ ಹೇಳಿದ. ಅವಳು ಅಲ್ಲಗಳೆಯಲು ಹೋಗಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲ ಸಾಲುಗಳೂ ಹೋಗಿ ಸೇರಿದವು. ಬರೆದವರ ಪಟ್ಟಿಯಲ್ಲಿ ತನ್ನ ಹೆಸರಿನ ಮೇಲೆ ಅತ್ತೆಯ ಹೆಸರು ಹಾಕಿದ್ದಳು. ತಪ್ಪಾಯಿತು ಎಂದು ಅವನು ಹೇಳಲಿಲ್ಲ. ಹೇಳಿಯಾನೆಂದು ಅವಳು ಕೆಲವು ಕಾಲ ಕಾದಳು, ಆಮೇಲೆ ಪಾಸ್‌ವರ್ಡ್ ಹಾಕಿದಳು.

ದೀಪಾವಳಿಗೆ ಬಂದ ತಂಗಿಗೆ ಅವಳ ಮದುವೆಯ ಫೋಟೋ ತೋರಿಸಲು ಅವನು ಪೆನ್‌ಡ್ರೈವ್ ಹಿಡಿದು ಬಂದು ಲ್ಯಾಪ್‌ಟಾಪ್ ತೆರೆದು, ಪಾಸ್‌ವರ್ಡ್ ಎಂತದು ಎಂದು ಎಲ್ಲರೆದುರು ಕೇಳಿದ. ಜ್ಯೋತ್ಸ್ನಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಸ್ವಲ್ಪ ಆಚೆ ಸರಿಯಿರಿ ಎಂದಳು. ಅವನು ಸರಿದ. ಒಂದು ಕೈಯಿಂದ ಮರೆ ಮಾಡಿ ತಾನೇ ಒತ್ತಿ, ಮರಳಿ ಅಡುಗೆಮನೆಗೆ ಹೋದಳು.