ಹಾಲವ್ವ ನಡೆದದ್ದು

"ಕೈ ಊರದಂಗ ಕುರ್ಚಿಯಿಂದ ಏಳಬೇಕು. ಆ ಗೆರಿ ತನಕಾ ನಡದು, ಹೊಳ್ಳಿ ಬಂದು ಕೂಡಬೇಕು. ಇಷ್ಟ ನೋಡಬೇ ಆಯಿ," ಎಂದಳು ಮೊಮ್ಮಗಳು ಐಶ್ವರ್ಯ, ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ.

"ಇಷ್ಟಕ್ಕ ಅಷ್ಟೊಂದ ಸಾಲಿ ಕಲ್ತೇನ?" ಎಂದು ಹಾಲವ್ವ ನಕ್ಕಳು. ಬಾಯಿ ನಕ್ಕರೂ ಒಳಗೆ ಅಂಜಿಕೆಯೇ. ಹೋದ ವಾರ ಕಬ್ಬಿನ ಹೊಲದಲ್ಲಿ ಕಾಲು ಜಾರಿ ಬಿದ್ದದ್ದೇ ತಡ, ಇನ್ನು ಹೊಲದ ಕಡೆ ಹಾಯಬೇಡ ಎಂದು ಮಗ ಚಿದಾನಂದ ಕಟ್ಟಪ್ಪಣೆ ಮಾಡಿದ್ದ. ಜಮಖಂಡಿಯ ಆಸ್ಪತ್ರೆಯಲ್ಲಿ ವಯಸ್ಸಾದವರನ್ನು ನಡೆಸಿ ನೋಡಿ, ಯಾರು ಬೀಳುವವರು, ಯಾರು ಗಟ್ಟಿ ಎಂದು ಹೇಳುವುದೇ ಐಶ್ವರ್ಯಳ ಕೆಲಸ. ಅವಳು ಹೂಂ ಅಂದರೆ ಹೊಲ, ಇಲ್ಲದಿದ್ದರೆ ಮನೆಯ ಕಟ್ಟೆ. ಗಲಗಲಿಯ ಹೊಳೆದಂಡೆಯ ಆ ತುಂಡು ಹೊಲವನ್ನು ಗಂಡ ತೀರಿದ ಮೇಲೆ ಒಬ್ಬಳೇ ನೋಡಿಕೊಂಡು ಬಂದವಳಿಗೆ ಕಟ್ಟೆಯ ಮೇಲೆ ಕೂಡುವುದೆಂದರೆ ಜೀವ ಹೋದಂತೆಯೇ.

ಹಾಲವ್ವ ಎದ್ದಳು. ಬಲಗೈ ತಾನಾಗಿಯೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿತು. ಹೊರಸಿನ ಮೇಲೆ ಗಂಡನ ಅಣ್ಣ ಶಿದ್ರಾಮಪ್ಪ ಕೂತಿದ್ದರಲ್ಲ! ಈ ಮನೆ ತುಂಬಿದಂದಿನಿಂದ ಭಾವನೆದುರು ಆಕೆ ತಲೆ ಎತ್ತಿದವಳಲ್ಲ. ಒಂದು ಮಾತು ಮುಟ್ಟಿಸಬೇಕೆಂದರೂ ನಡುವೆ ಮತ್ತೊಬ್ಬರು ಬೇಕು. ಈಗಲೂ ಒಂದು ಕೈಯಲ್ಲಿ ಸೆರಗು ಹಿಡಿದು, ಗೋಡೆಗೆ ಅಂಟಿಕೊಂಡು, ನೆಲ ನೋಡುತ್ತ ಸಣ್ಣ ಸಣ್ಣ ಹೆಜ್ಜೆ ಇಟ್ಟಳು. ಗೆರೆ ಮುಟ್ಟಿ ತಿರುಗುವಾಗ ಹಿರಿಯರಿಗೆ ಬೆನ್ನು ಮಾಡಬಾರದೆಂದು ಅಡ್ಡಡ್ಡ ಹೊರಳಿದಳು. ಕಾಲಿಗೆ ಕಾಲು ತೊಡರಿತು. ಐಶ್ವರ್ಯ ಓಡಿ ಬಂದು ಹಿಡಿದಳು.

"ನೋಡಿದೇನ? ಮನ್ಯಾಗ ಹಿಂಗಾದ್ರ ಹೊಲದಾಗ ಹೆಂಗ? ಮುಗೀತಬೇ ಯವ್ವಾ," ಎಂದ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಿದಾನಂದ.

ಹಾಲವ್ವ ಮರಳಿ ಕುರ್ಚಿಯಲ್ಲಿ ಕೂತಳು.

ಹೊರಸಿನಿಂದ ಕೆಮ್ಮು ಕೇಳಿಸಿತು. "ಚಿದಾನಂದ, ನಿಮ್ಮವ್ವಗ ಹೇಳು, ಸೆರಗ ಬಿಟ್ಟು ನಡೀಲಿ," ಎಂದರು ಶಿದ್ರಾಮಪ್ಪ. "ಆಕಿ ಹೊಲದಾಗ ನಡಿಯೂದನ್ನ ದೂರಿಂದ ನೋಡೇನಿ. ಹಿಂಗ ನಡಿಯಾಂಗಿಲ್ಲ ಆಕಿ."

ಐಶ್ವರ್ಯ ಆಯಿಯ ಸೆರಗಿನ ಕಡೆ ನೋಡಿದಳು.

"ಖರೆ ಐತಿ. ನಂದ ತಪ್ಪಾತು," ಎಂದಳು ಐಶ್ವರ್ಯ. "ಒಂದ ಕೈ ಸೆರಗಿಗೆ ಕೊಟ್ಟು, ಮುಖಾ ಮುಚಗೊಂಡು ನಡದ್ರ ನಾನೂ ಬೀಳ್ತೇನಿ. ಇನ್ನೊಮ್ಮಿ ನಡಿಬೇ ಆಯಿ."

ಹಾಲವ್ವ ಸೆರಗನ್ನು ಸುತ್ತಿ ನಡುವಿಗೆ ಸಿಕ್ಕಿಸಿದಳು, ಕಳೆ ತೆಗೆಯಲು ಹೋಗುವಾಗ ಸಿಕ್ಕಿಸುವ ಹಾಗೆ. ಕೈ ಊರದೆ ಎದ್ದಳು. ಪಡಸಾಲೆಯ ನಟ್ಟನಡುವೆ, ಭಾವನ ಕಣ್ಣೆದುರೇ, ಎರಡೂ ಕೈ ಬೀಸಿಕೊಂಡು ನಡೆದಳು. ಗೆರೆಯ ಬಳಿ ಅವರಿಗೆ ಬೆನ್ನು ಮಾಡಿಯೇ ಹೊಳ್ಳಿದಳು. ಎಂಥ ಹೆಮ್ಮೆ ಆಕೆಗೆ! ಮದುವಣಗಿತ್ತಿಯಾಗಿ ಬಂದಾಗಲೂ ಈ ಪಡಸಾಲೆಯಲ್ಲಿ ಹೀಗೆ ನಡೆದಿರಲಿಲ್ಲ. ಬಂದು ಕುರ್ಚಿಯಲ್ಲಿ ಮೆತ್ತಗೆ ಕೂತಳು.

"ಗಟ್ಟಿ ಅದಾಳಪ್ಪಾ," ಎಂದಳು ಐಶ್ವರ್ಯ. "ಎಡಗಾಲ ಜರಾ ಸೋತೈತಿ, ಅದಕ್ಕ ವ್ಯಾಯಾಮ ಹೇಳಿ ಕೊಡ್ತೇನಿ. ಹೊಲಕ್ಕ ಹೋಗ್ಲಿ ಬಿಡು."

ಚಿದಾನಂದ ದೊಡ್ಡಪ್ಪನ ಮುಖ ನೋಡಿದ. ಶಿದ್ರಾಮಪ್ಪ ಈ ಸಲ ನಡುವೆ ಯಾರನ್ನೂ ಕರೆಯಲಿಲ್ಲ.

"ಹಾಲವ್ವಾ," ಎಂದರು, "ನಾಳೆ ಹೋಗೂ ಮುಂದ ನನ್ನೂ ಕರಿ. ಹೊಳಿ ದಂಡಿ ತನಕಾ ನಾನೂ ಬರ್ತೇನಿ."

ಹಾಲವ್ವ ತಲೆ ಎತ್ತಿ ಅವರನ್ನೇ ನೋಡಿದಳು.

"ಬರ್ರಿ," ಎಂದಳು. "ಆದ್ರ ನೀವು ಕೋಲ ಹಿಡಕೊಂಡ ಬರ್ರಿ."