ಗುಂಡಗೆ ಸುತ್ತಿದ ಅಕ್ಷರ

ಜೂನ್ ತಿಂಗಳ ಆ ಬೆಳಗ್ಗೆ ಕಾತ್ರಜ ಗುಡ್ಡದ ಮೇಲೆ ಮೋಡ ಕೂತಿತ್ತೇ ಹೊರತು ಒಂದು ಹನಿಯೂ ಬಿದ್ದಿರಲಿಲ್ಲ. ಗಾಳಿ ಮಾತ್ರ ಜೋರು. ಧನಕವಡಿಯ ಏರಿನಲ್ಲಿ ರಂಜಿನಿಯ ಸ್ಕೂಟಿ ಎರಡು ಸಲ ವಾಲಿತು. ಎರಡು ಸಲವೂ ಅವಳ ಎಡಗೈ ಮೊದಲು ಹೋದದ್ದು ಹೆಗಲಿನ ಚೀಲಕ್ಕೆ.

ಚೀಲದಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ ಇತ್ತು. ಅದು ಆಫೀಸಿನಲ್ಲಿ ಕರಡು ತಿದ್ದುತ್ತಿದ್ದ ತಾಯಪ್ಪ ಕಾಕಾನದು. ಮೂರು ತಿಂಗಳ ಹಿಂದೆಯೇ ಅವರ ಕೈ ಸೇರಬೇಕಾಗಿತ್ತು. ಹೋದ ಭಾನುವಾರ ಅವಳು ಅವರ ಮನೆಯ ಓಣಿಯ ತಿರುವಿನವರೆಗೆ ಬಂದು, ಕಬ್ಬಿನ ಹಾಲಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಒಂದು ಲೋಟ ಕುಡಿದು ತಿರುಗಿ ಹೋಗಿದ್ದಳು. ಇವತ್ತು ಎದ್ದು ಮೊಬೈಲು ನೋಡಿದರೆ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡೇ ಸಾಲು: ತಾಯಪ್ಪ ಕಾಕಾ ನಸುಕಿನಲ್ಲಿ ಹೋದರು. ಎದೆನೋವು.

ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಲಿಂಗವಂತರಲ್ಲಿ ಹೋಗುವವರನ್ನು ಮಲಗಿಸಿ ಕಳಿಸುವುದಿಲ್ಲ. ಶಿವನೆದುರು ಕೂತೇ ಹೋಗಬೇಕು. ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಕೊರಳಿಗೆ ಚೆಂಡುಹೂವಿನ ಮಾಲೆ. ಮಠದಲ್ಲಿ ಸಂಜೆ ಪುರಾಣ ಓದಲು ಕೂರುತ್ತಿದ್ದರಲ್ಲ, ಹಾಗೆಯೇ ಕೂತಿದ್ದರು. ಮುಖದ ಮೇಲೆ ಚಷ್ಮಾ ಮಾತ್ರ ಇರಲಿಲ್ಲ.

ಬಾಗಿಲ ಬಳಿ ಇಬ್ಬರು ಮುದುಕರು ಭಜನೆಯ ನಡುವೆ ಪಿಸುಗುಡುತ್ತಿದ್ದರು.

"ಇನ್ನ ನಿನ್ನ ನೀಲಂಗಿ ಸುದ್ದಿ ಯಾರ ಹೇಳ್ತಾರೋ ಅಪ್ಪಾಸಾಹೇಬ?"

"ನೀಲಂಗಿ ಇರಲಿ, ನಿಮ್ಮ ಹಸುರಂಗಿ ಮನಿಯಾಗ ಈ ಸಲ ಚೆಂಡ ಒಗಿಯಾವನ ಇಲ್ಲ, ಸಿದ್ದಾರೂಢ. ತಾಯಪ್ಪನ ಹೇಳಿದ್ದ."

"ಹೋದವರ ಬಾಯಾಗ ಸುಳ್ಳ ಇಡಬ್ಯಾಡ." ಸಿದ್ದಾರೂಢ ರಂಜಿನಿಯ ಕಡೆ ತಿರುಗಿದ. "ನೀವು ಆಫೀಸಿನವರಲ್ರಿ? ನೀಲಂಗಿ ಹುಡುಗ ನಮ್ಮ ಮನಿಗೆ ಬರ್ತಾನಂತ ಮಾರ್ಚದಾಗ ಸುದ್ದಿ ಇತ್ತಲ್ಲ. ಬಂದನೋ ಇಲ್ಲೋ?"

"ಇಲ್ಲ ಸರ್, ಎಲ್ಲೂ ಹೋಗಿಲ್ಲ. ಹೋಗ್ತೀನಿ ಅಂತ ಅವನು ಹೇಳೇ ಇರಲಿಲ್ಲ."

"ನೋಡ್ದೇನು!" ಅಪ್ಪಾಸಾಹೇಬ ತಲೆ ಆಡಿಸಿದ. "ತಾಯಪ್ಪನ ಕಣ್ಣಿಗೆ ಅದೊಂದ ಸಿಗಲಿಲ್ಲ ನೋಡ್ರಿ. ಮೂವತ್ತು ವರ್ಷ ತಿದ್ದಿದ ಕಣ್ಣು!"

ರಂಜಿನಿ ಚೀಲವನ್ನು ಹೊಟ್ಟೆಗೆ ಅವಚಿಕೊಂಡು ಹೆಂಗಸರ ಸಾಲಿನಲ್ಲಿ ಕೂತಳು.

*

ಆ ಇಬ್ಬರೂ ಆ ಆಟವನ್ನು ಒಮ್ಮೆಯೂ ನೋಡಿದವರಲ್ಲ. ಅವರಿಗೆ ಅದನ್ನು ಹಚ್ಚಿದ್ದು ತಾಯಪ್ಪ.

ತಾಯಪ್ಪ ದುಡಿಯುತ್ತಿದ್ದ ಕೋಥರೂಡದ ಆಫೀಸಿನ ಕೆಲಸವೇ ವಿಚಿತ್ರದ್ದು. ಇಪ್ಪತ್ತು ಜನ ಕೂತು ಅಮೆರಿಕದ ಫುಟ್ಬಾಲಿನ ಸುದ್ದಿಯನ್ನು ಅಮೆರಿಕದವರಿಗೇ ಬರೆದು ಕಳಿಸುತ್ತಿದ್ದರು. ಹೆಸರಿಗೆ ಫುಟ್ಬಾಲು. ಮೊಟ್ಟೆಯಂಥ ಚೆಂಡನ್ನು ಬಗಲಲ್ಲಿ ಅವಚಿಕೊಂಡು ಓಡುವ ಆಟ. ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಆಡುತ್ತಾರೆ. ಉಳಿದ ತಿಂಗಳು ಮೈದಾನ ಖಾಲಿ, ಬಾಯಿಗೆ ಮಾತ್ರ ಬಿಡುವಿಲ್ಲ. ಯಾವನು ಯಾವ ತಂಡ ಬಿಟ್ಟ, ಯಾರನ್ನು ತಂಡವೇ ಹೊರಗೆ ಹಾಕಿತು, ಯಾರು ಯಾರ ಮೇಲೆ ಹರಿಹಾಯ್ದರು, ಯಾವ ಊರಿನ ಅಭಿಮಾನಿಗಳು ಯಾವ ಊರಿನವರನ್ನು ಏನೆಂದು ಬಯ್ದರು, ಇದೇ ಸುದ್ದಿ.

"ಬೀಗರ ಜಗಳ ಇದ್ಧಾಂಗ ಇದು," ತಾಯಪ್ಪ ನಗುತ್ತಿದ್ದರು. "ಲಗ್ನ ಮುಗದು ಚಪ್ಪರ ಬಿಚ್ಚಿದ ಮ್ಯಾಲೇ ಖರೇ ಮಾತು ಸುರು ಆಗೂದು."

ಮೂವತ್ತು ವರ್ಷ ಅವರು ಒಂದು ಛಾಪಖಾನೆಯಲ್ಲಿ ಕರಡು ತಿದ್ದಿದವರು. ಅದು ಮುಚ್ಚಿದ ಮೇಲೆ ಇಲ್ಲಿ ಸೇರಿದ್ದರು. ಎಲ್ಲರೂ ತೆರೆಯ ಮೇಲೆ ಓದಿದರೆ ಅವರೊಬ್ಬರು ಪ್ರಿಂಟು ತೆಗೆದು, ಕೆಂಪು ಪೆನ್ಸಿಲು ಹಿಡಿದು ಓದುವರು. ಅನುಮಾನ ಬಂದ ಅಕ್ಷರವನ್ನು ಗುಂಡಗೆ ಸುತ್ತುವರು.

"ಇಂಗ್ಲಿಷ್ ಅಷ್ಟು ಬರಲ್ಲ ಅಂತೀರಾ. ಮತ್ತೆ ತಪ್ಪು ಹೇಗೆ ಸಿಗತ್ತೆ ಕಾಕಾ?" ಎಂದು ರಂಜಿನಿ ಒಮ್ಮೆ ಕೇಳಿದ್ದಳು. ಅವಳು ಮಂಡ್ಯದ ಕಡೆಯವಳು. ಮರಾಠಿ ಊರಿನ ಆ ಆಫೀಸಿನಲ್ಲಿ ಅವರಿಗೆ ಕನ್ನಡ ಮಾತಾಡಲು ಸಿಕ್ಕವಳು ಅವಳೊಬ್ಬಳೇ.

"ನಾ ಅರ್ಥ ಓದೂದಿಲ್ಲ ತಂಗಿ, ಅಕ್ಷರ ಓದ್ತೀನಿ. ಅರ್ಥ ಮಂದಿನ್ನ ಮೋಸ ಮಾಡ್ತದ."

ಸಂಜೆ ಅವರು ಮಠದಲ್ಲಿ ಪುರಾಣ ಓದುವರು. ಪುಸ್ತಕದ ಬಟ್ಟೆ ಬಿಚ್ಚುವ ಮುಂಚೆ ಹತ್ತು ನಿಮಿಷ ಅಮೆರಿಕ. ತಂಡಗಳ ಹೆಸರು ಮುದುಕರ ನಾಲಿಗೆಗೆ ಹತ್ತುವುದಿಲ್ಲವೆಂದು, ಅಂಗಿಯ ಬಣ್ಣದಿಂದ ಹಸುರಂಗಿ ಮನೆ, ನೀಲಂಗಿ ಮನೆ ಎಂದು ಕರೆದರು. ವರ್ಷ ಕಳೆಯುವುದರೊಳಗೆ ಧನಕವಡಿಯ ಮಠದ ಜಮಖಾನೆ ಎರಡು ಭಾಗವಾಗಿತ್ತು. ಅತ್ತ ಹಸಿರು, ಇತ್ತ ನೀಲಿ. ಪುರಾಣ ಶುರುವಾದ ಮೇಲೆ ಎಲ್ಲರೂ ಮತ್ತೆ ಒಂದೇ ಮನೆಯವರು.

*

ಮಾರ್ಚಿನಲ್ಲಿ ಆಟಗಾರರು ತಂಡ ಬದಲಿಸುವ ವಾರ ಬಂತು. ಯಾರು ಮೊದಲು ಸುದ್ದಿ ಬಿಡುತ್ತಾರೆಂಬುದೇ ಆಗ ಎಲ್ಲ. ಒಂದು ಮಧ್ಯಾಹ್ನ ಹೆಸರುವಾಸಿ ವರದಿಗಾರನೊಬ್ಬನ ಖಾತೆಯಲ್ಲಿ ಒಂದು ಸಾಲು ಕಂಡಿತು: ನೀಲಂಗಿಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಮುಖ್ಯ ಹುಡುಗ, ತನ್ನನ್ನು ಹಸುರಂಗಿಗೆ ಕಳಿಸಿ ಎಂದು ಕೇಳಿದ್ದಾನೆ. ಹಗೆಯ ಮನೆಗೆ!

ರಂಜಿನಿ ಖಾತೆಯಿಂದ ಹೆಸರನ್ನು ಹಾಗೇ ಎತ್ತಿಕೊಂಡು ಇಪ್ಪತ್ತು ನಿಮಿಷದಲ್ಲಿ ಬರೆದಳು. ತಾಯಪ್ಪ ಪ್ರಿಂಟು ತೆಗೆದು ಓದಿ, ಹಾಳೆಯನ್ನು ಅವಳ ಮೇಜಿನ ಮೇಲಿಟ್ಟು ರೊಟ್ಟಿ ತಿನ್ನಲು ಹೋದರು. ವರದಿಗಾರನ ಹೆಸರಿನಲ್ಲಿ ಒಂದು ಅಕ್ಷರಕ್ಕೆ ಕೆಂಪು ಸುತ್ತು ಬಿದ್ದಿತ್ತು. ಸಣ್ಣ ಎಲ್ ಇರಬೇಕಾದಲ್ಲಿ ದೊಡ್ಡ ಐ. ತೆರೆಯ ಮೇಲೆ ಎರಡೂ ಒಂದೇ ಕಡ್ಡಿ, ಪ್ರಿಂಟಿನ ಅಚ್ಚಿನಲ್ಲಿ ಮಾತ್ರ ಬೇರೆ. ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದ್ದರು: ‘ಅಕ್ಷರ ನೋಡ್ರಿ.’

ಒಂದು ಕಡ್ಡಿಗಾಗಿ ಕಾಯುವುದೇ? ಅಷ್ಟರಲ್ಲಿ ಬೇರೆಯವರು ಬಿಟ್ಟರೆ? ತಿದ್ದುವವರು ಒಪ್ಪಿಗೆಯ ಗುರುತು ಹಾಕದೆ ಸುದ್ದಿ ಹೊರಗೆ ಹೋಗುವಂತಿರಲಿಲ್ಲ. ಕಾಕಾನ ಕಂಪ್ಯೂಟರು ತೆರೆದೇ ಇತ್ತು. ಅವಳು ಹೋಗಿ ಅವರ ಹೆಸರಿನಲ್ಲಿ ಗುರುತು ಒತ್ತಿದಳು. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದಳು.

ಅದು ಕಳ್ಳ ಖಾತೆ. ಹಸುರಂಗಿಯ ಅಭಿಮಾನಿಯೊಬ್ಬ ಹೆಸರಿನ ಆ ಒಂದಕ್ಷರ ಬದಲಿಸಿ ಕುಚೇಷ್ಟೆಗೆಂದು ಮಾಡಿದ್ದು. ಬೆಳಗಾಗುವುದರೊಳಗೆ ನೀಲಂಗಿಯ ಊರಿನಲ್ಲಿ ಆ ಹುಡುಗನ ಹೆಸರಿದ್ದ ಅಂಗಿಗಳನ್ನು ಸುಟ್ಟಿದ್ದರು. ಅವನ ತಾಯಿಯ ಮನೆಯಂಗಳಕ್ಕೆ ಯಾರೋ ಕಸ ಸುರಿದು ವಿಡಿಯೋ ಮಾಡಿದ್ದರು.

ಆಫೀಸಿನ ಮುಖ್ಯಸ್ಥೆ ಪ್ರಫುಲ್ಲಾ ಮೇಡಂ ಮರಾಠಿಯಲ್ಲಿ ಮೆಲ್ಲಗೆ ಕೇಳಿದರು, "ಕಾಕಾ, ತುಮ್ಹೀ ಬಘಿತಲ ಹೋತ ನಾ?" ನೀವು ನೋಡಿದ್ದಿರಿ, ಅಲ್ಲವೇ?

"ಸುತ್ತಿದ್ದೆ ಅನಸ್ತದ," ತಾಯಪ್ಪ ಕನ್ನಡದಲ್ಲೇ ತಮಗೆ ತಾವೇ ಅಂದುಕೊಂಡರು. "ಆ ಹಾಳಿ ಎಲ್ಲಿ ಹೋತು?" ರಂಜಿನಿಯ ಮೇಜಿನ ಮೇಲೆ ಹುಡುಕಿ, ಆಮೇಲೆ ಮೊಣಕಾಲೂರಿ ಕಸದ ಬುಟ್ಟಿಯ ಒಂದೊಂದೇ ಕಾಗದ ತೆಗೆದು ಬಿಡಿಸಿದರು. ರಂಜಿನಿಯ ಚೀಲ ಅವಳ ಕಾಲ ಬಳಿಯೇ ಇತ್ತು. ಬಗ್ಗಿದರೆ ಸಾಕಿತ್ತು.

ಅವಳು ಬಗ್ಗಲಿಲ್ಲ.

ತಾಯಪ್ಪ ಧೋತರದ ಧೂಳು ಝಾಡಿಸಿ ಎದ್ದರು. "ಸುತ್ತಿದ್ರ ಹಾಳಿ ಇರಬೇಕಿತ್ತು. ಒಪ್ಪಿಗಿ ಗುರುತೂ ನನ್ನ ಹೆಸರಿಲೇ ಅದ. ಅಂದ್ರ ನನ್ನ ಕಣ್ಣ ತಪ್ಪ್ಯಾವ." ಸೋಮವಾರದಿಂದ ಅವರ ಕುರ್ಚಿ ಖಾಲಿ.

*

ಕ್ರಿಯೆ ಮಾಡಿಸುವ ಅಯ್ಯನವರು ಬಂದು, ಪಾದೋದಕದ ವಿಧಿ ಮುಗಿಸಿ ಕಾಗದ ಕೇಳಿದರು. "ಇಪ್ಪತ್ತೊಂದು ಚೀಟಿ ಬೇಕು. ಮಂತ್ರದ ಅಕ್ಷರ ಬರದು ಒಂದೊಂದು ಅಂಗದ ಮ್ಯಾಲ ಇಡೂದು. ನನ್ನ ಕೈ ನಡಗ್ತದ, ನೀ ಬರಿಯೋ ತಮ್ಮಾ."

ತಾಯಪ್ಪನ ಮಗ ಸ್ವಪ್ನಿಲ್ ತಲೆ ತಗ್ಗಿಸಿದ. "ಕನ್ನಡ ಮಾತಾಡ್ಲಿಕ್ಕೆ ಬರ್ತದ್ರಿ ಅಯ್ಯಾ, ಬರೀಲಿಕ್ಕೆ ಬರೂದಿಲ್ಲ. ನಾ ಕಲತದ್ದು ಮರಾಠಿ ಸಾಳ್ಯಾಗ."

ಬರೆಯಲು ಬಾರದ ಮುದುಕರು ಒಬ್ಬರ ಮುಖ ಒಬ್ಬರು ನೋಡಿದರು. "ಬರಿಯಾಂವ ಅಲ್ಲಿ ಕುಂತಾನ," ಎಂದ ಸಿದ್ದಾರೂಢ. ಗೋಡೆಗೆ ಒರಗಿ ಕೂತಿದ್ದ ತಾಯಪ್ಪನ ಕಡೆ ಕೈ ತೋರಿಸಿದ.

ಆಗ ತಾಯಪ್ಪನ ಹೆಂಡತಿ ಶಿವಬಸವ್ವ ಗಂಡನ ಪಕ್ಕದಿಂದಲೇ ಹೇಳಿದಳು: "ಆ ತಂಗಿ ಬರೀತಾಳ್ರಿ. ಅವರ ಹೇಳ್ತಿದ್ರು, ರಂಜಿನಿ ಕೈ ಭಾಳ ಚೊಕ್ಕ ಅದ ಅಂತ." ದೇವರ ಜಗಲಿಯ ಮೇಲಿನಿಂದ ಒಂದು ತುಂಡು ಪೆನ್ಸಿಲು ತಂದುಕೊಟ್ಟಳು. ಕೆಂಪು ಪೆನ್ಸಿಲು.

ರಂಜಿನಿ ಬರೆದಳು. ಓಂ. ನ. ಮಃ. ಶಿ. ಅಯ್ಯನವರು ಹೇಳಿದಂತೆ ಒಂದೊಂದು ಚೀಟಿಗೆ ಒಂದೊಂದು ಅಕ್ಷರ. ಶಾಲೆ ಬಿಟ್ಟ ಮೇಲೆ ಅಕ್ಷರವೊಂದನ್ನು ಅವಳು ಇಷ್ಟು ಹೊತ್ತು ನೋಡಿರಲಿಲ್ಲ.

"ತಪ್ಪಿರಬಾರದು ತಂಗಿ. ಇನ್ನೊಮ್ಮೆ ನೋಡಕೋ," ಎಂದರು ಅಯ್ಯನವರು.

"ನೋಡಾವರು ಮಾರ್ಚದಿಂದ ಓದೂದ ಬಿಟ್ಟಿದ್ರಲ್ರಿ," ಎಂದಳು ಶಿವಬಸವ್ವ. "ಡಾಕ್ಟರು ಕಣ್ಣಿಗೇನೂ ಆಗಿಲ್ಲ ಅಂದ್ರೂ ನಂಬಲಿಲ್ಲ. ಮಠಕ್ಕ ಹೋಗ್ರಿ ಅಂದ್ರ, ‘ಶಿವನ ಹೆಸರ ತಪ್ಪ ಓದಿದ್ರ ಯಾರಿಗೆ ಹೇಳ್ಲಿ’ ಅಂತಿದ್ರು. ಚಷ್ಮಾ ಜಗಲಿ ಮ್ಯಾಲ ಇಟ್ಟವರು ಮತ್ತ ಮುಟ್ಟಲಿಲ್ಲ."

ರಂಜಿನಿ ಪೆನ್ಸಿಲು ಕೆಳಗಿಟ್ಟಳು. ಅವಳು ಚೀಲ ತೆರೆದು ಹಾಳೆ ತೆಗೆದಳು.

"ಅಮ್ಮ, ಕಾಕಾ ಸರಿಯಾಗೇ ನೋಡಿದ್ರು. ಇಲ್ಲಿ ಸುತ್ತಿದ್ದಾರೆ. ಇದನ್ನ ಬಚ್ಚಿಟ್ಟಿದ್ದು ನಾನು. ಅವರ ಹೆಸರಲ್ಲಿ ಒಪ್ಪಿಗೆ ಒತ್ತಿದ್ದೂ ನಾನೇ."

ಭಜನೆಯ ತಾಳ ನಿಂತಿತು. ಶಿವಬಸವ್ವನಿಗೆ ಹಾಳೆಯ ಇಂಗ್ಲಿಷು ತಿಳಿಯಲಿಲ್ಲ. ಅಂಚಿನ ಎರಡು ಕನ್ನಡ ಪದಗಳನ್ನು ಕೂಡಿಸಿ ಓದಿದಳು. ಅದು ಯಾರ ಕೈಬರಹವೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಬೆರಳಿನಿಂದ ಕೆಂಪು ಸುತ್ತಿನ ಗುಂಟ ಒಮ್ಮೆ ಸುತ್ತಿ ಬಂದಳು.

"ಹೋದ ವಾರ ತಂದಿದ್ರ ಅವರ ನೋಡ್ತಿದ್ರು," ಎಂದಳು. ದನಿ ಏರಲಿಲ್ಲ.

"ಬಂದಿದ್ದೆ ಅಮ್ಮ. ತಿರುವಿನ ತನಕ ಬಂದು ವಾಪಸ್ ಹೋದೆ."

ಶಿವಬಸವ್ವ ಎದ್ದುಹೋಗಿ ಜಗಲಿಯ ಮೇಲಿನ ಚಷ್ಮಾ ತಂದಳು. ಮೂರು ತಿಂಗಳ ಧೂಳನ್ನು ಸೆರಗಿನಿಂದ ಒರೆಸಿ, ಬಾಯಿಯ ಹಬೆ ಕೊಟ್ಟು ಮತ್ತೆ ಒರೆಸಿ, ವಿಭೂತಿ ಅಳಿಯದ ಹಾಗೆ ಗಂಡನ ಮುಖಕ್ಕೆ ಏರಿಸಿದಳು. ಆಮೇಲೆ ಹಾಳೆಯನ್ನು ರಂಜಿನಿಯ ಕಡೆಗೇ ಚಾಚಿದಳು.

"ಒಯ್ದಾಕಿ ನೀನ. ನೀನ ಕೊಡು."

ರಂಜಿನಿ ಮೊಣಕಾಲೂರಿದಳು. ಎಡ ಅಂಗೈಯಲ್ಲಿ ಲಿಂಗವಿತ್ತು, ಬಲಗೈ ತೊಡೆಯ ಮೇಲೆ ಖಾಲಿಯಿತ್ತು. ಬಿಗಿದ ಬೆರಳುಗಳ ಸಂದಿಗೆ ಹಾಳೆಯನ್ನು, ಸುತ್ತಿದ ಅಕ್ಷರ ಮೇಲೆ ಬರುವಂತೆ, ಮೆಲ್ಲಗೆ ಸಿಕ್ಕಿಸಿದಳು. ಬಾಗಿಲಿನಿಂದ ನುಗ್ಗಿದ ಗಾಳಿಗೆ ಕಾಗದದ ತುದಿ ಪಟಪಟ ಬಡಿದುಕೊಂಡಿತು. ಬೆರಳು ಬಿಡಲಿಲ್ಲ.